ಪ್ಲೇಗಿನ ಕಾಲದ ಪ್ರಜಾಪ್ರತಿನಿಧಿ

1896ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ, ಮುಂಬಯಿಯ ಬಂದರಿಗೆ ಹೊಂದಿಕೊಂಡ ಮಾಂಡವಿಯ ಇಕ್ಕಟ್ಟಾದ ಕೇರಿಗಳಲ್ಲಿ, ಧಾನ್ಯದ ಉಗ್ರಾಣಗಳ ಮಗ್ಗುಲಿನ ಮನೆಗಳಲ್ಲಿ, ಜ್ವರ ಬಂದು, ಕಂಕುಳಲ್ಲಿಯೋ ತೊಡೆಯ ಸಂದಿನಲ್ಲಿಯೋ ಗಡ್ಡೆ ಎದ್ದು, ಕೆಲವೇ ದಿನಗಳೊಳಗಾಗಿ ಜನರು ಸಾಯತೊಡಗಿದಾಗ, ಆ ರೋಗವನ್ನು ಪ್ಲೇಗೆಂದು ಗುರುತಿಸಿ ನಗರಸಭೆಗೆ ತಿಳಿಯಪಡಿಸಿದವರು ಅಕಾಸಿಯೊ ವೀಗಸ್ ಎಂಬ ಗೋವೆಯ ಮೂಲದ ವೈದ್ಯರು. ಅವರು ವೈದ್ಯರು ಮಾತ್ರವೇ ಆಗಿದ್ದರೆ ಈ ಪ್ರಬಂಧದಲ್ಲಿ ಅವರ ಪ್ರಸ್ತಾಪಕ್ಕೆ ಎಡೆಯಿರುತ್ತಿರಲಿಲ್ಲ. 1888ರಿಂದ ಅವರು ಮುಂಬಯಿ ನಗರಸಭೆಯ ಸದಸ್ಯರೂ ಆಗಿದ್ದರು. ರೋಗಿಯ ನಾಡಿಯನ್ನು ಹಿಡಿದ ಕೈಯೇ ಸಭೆಯಲ್ಲಿಯೂ ಮೇಲೆದ್ದಿತು. ಪ್ಲೇಗೆಂಬ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಪರದೇಶದ ರೇವುಗಳು ಮುಂಬಯಿಯ ಸರಕಿಗೆ ಬಾಗಿಲು ಹಾಕಿಯಾವೆಂದು ವರ್ತಕರು ಅಂಜಿದ್ದುದು ನಿರಾಧಾರವಾಗಿರಲಿಲ್ಲ. ಮರು ವರ್ಷವೇ ಯೂರೋಪಿನ ರಾಜ್ಯಗಳು ವೆನಿಸ್ ನಗರದಲ್ಲಿ ಸಮ್ಮೇಳನ ಕೂಡಿ ಹಿಂದೂಸ್ಥಾನದ ಪ್ಲೇಗಿನ ವಿಚಾರವನ್ನೇ ಚರ್ಚಿಸಿದುವು. ಹೀಗಿರಲು, ತನ್ನ ಊರಿಗೆ ಅಪಕೀರ್ತಿಯನ್ನೂ ನಷ್ಟವನ್ನೂ ತರಬಲ್ಲ ಸತ್ಯವನ್ನು ಆ ಊರಿನ ಪ್ರತಿನಿಧಿಯೇ ಮೊದಲು ನುಡಿಯಬೇಕಾಗಿ ಬಂದುದು ಆ ಸ್ಥಾನದ ಪ್ರಥಮ ಪರೀಕ್ಷೆ.

ಎರಡನೆಯ ಪರೀಕ್ಷೆ ಬಂದುದು ರೋಗದಿಂದಲ್ಲ, ರೋಗನಿವಾರಣೆಯಿಂದ. ಅಕ್ಟೋಬರಿನಲ್ಲಿ ರೋಗಿಗಳನ್ನು ಬಲಾತ್ಕಾರವಾಗಿ ಆಸ್ಪತ್ರೆಗೆ ಸಾಗಿಸುವ ಅಧಿಕಾರವನ್ನು ನಗರದ ಅಧಿಕಾರಿಗಳು ವಹಿಸಿಕೊಂಡರು. ಆ ತಿಂಗಳ 29ನೆಯ ದಿನ ಗಿರಣಿಯ ಕೂಲಿಗಾರರು ಸುಮಾರು ಒಂದು ಸಾವಿರ ಮಂದಿ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಬಿದ್ದರು. ಆಸ್ಪತ್ರೆಗೆ ಹೋದವನು ಹಿಂದಿರುಗುವುದಿಲ್ಲವೆಂಬ ನಂಬಿಕೆ ಹರಡಿದ್ದಿತು. ಸಾಯುವ ಸ್ಥಿತಿಯಲ್ಲಿದ್ದವರನ್ನೇ ಅಲ್ಲಿಗೆ ಒಯ್ಯುತ್ತಿದ್ದುದರಿಂದ ಆ ನಂಬಿಕೆಗೆ ಪ್ರತಿದಿನವೂ ನಿದರ್ಶನಗಳು ದೊರೆಯುತ್ತಿದ್ದುವು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಶಾಸನವು ಜಾರಿಗೆ ಬಂದಿತು. ನಾಲ್ಕೇ ವಿಧಿಗಳ ಚಿಕ್ಕ ಶಾಸನವದು. ರೈಲಿನಲ್ಲಿ ಬರುವವರನ್ನು ತಡೆದು ಪರೀಕ್ಷಿಸುವುದು, ಸೋಂಕಿನವರನ್ನು ಬೇರ್ಪಡಿಸಿಡುವುದು ಮೊದಲಾದ ಎಷ್ಟೋ ಕ್ರಮಗಳಿಗೆ ಅದು ಆಸ್ಪದಮಾಡಿಕೊಟ್ಟಿತು. ಕಡೆಯ ವಿಧಿಯೋ, ಸದುದ್ದೇಶದಿಂದ ಆ ಶಾಸನದ ಮೇರೆಗೆ ನಡೆದುಕೊಂಡ ಯಾರ ಮೇಲೆಯೂ ವ್ಯಾಜ್ಯ ಹೂಡಕೂಡದೆಂದು ನಿಷೇಧಿಸಿತು. ಓದುಗರು ಈ ನಾಲ್ಕನೆಯ ವಿಧಿಯನ್ನು ಮನಸ್ಸಿನಲ್ಲಿಡಬೇಕೆಂದು ನನ್ನ ಪ್ರಾರ್ಥನೆ. ನ್ಯಾಯಸ್ಥಾನದ ಬಾಗಿಲು ಮುಚ್ಚಿಹೋದ ಮೇಲೆ, ಮನೆಯ ಸಾಮಾನನ್ನು ಸುಡಿಸಿಕೊಂಡವನಾಗಲಿ, ಪರಪುರುಷನೆದುರು ಹೆಂಡತಿಯ ಮೈಯನ್ನು ತೋರಿಸಬೇಕೆಂಬ ಆಜ್ಞೆಗೊಳಗಾದವನಾಗಲಿ, ತನ್ನ ದುಃಖವನ್ನು ಒಯ್ಯಬಹುದಾಗಿದ್ದುದು ಎರಡೇ ಕಡೆಗೆ: ಒಂದು ವೃತ್ತಪತ್ರಿಕೆ, ಮತ್ತೊಂದು ಸಭೆಯಲ್ಲಿ ಮಾತನಾಡಬಲ್ಲ ಪ್ರತಿನಿಧಿ.

ಆ ಎರಡು ಮಾರ್ಗಗಳೂ ಎಷ್ಟು ದುರ್ಗಮವೆಂಬುದು ಪುಣೆಯಲ್ಲಿ ಕಾಣಬಂದಿತು. ರ‍್ಯಾಂಡ್ ಎಂಬ ಅಧಿಕಾರಿಯ ಅಧ್ಯಕ್ಷತೆಯ ಪ್ಲೇಗ್ ಸಮಿತಿ ಬ್ರಿಟಿಷ್ ಸೈನಿಕರಿಂದ ಮನೆಮನೆಯನ್ನೂ ಶೋಧಿಸುವ ಕ್ರಮವನ್ನು ಕೈಗೊಂಡಿತು. ಬಾಲಗಂಗಾಧರ ತಿಲಕರು ಆಗ ಮುಂಬಯಿ ಶಾಸನಸಭೆಯ ಸದಸ್ಯರು. ಊರಿನ ದೊಡ್ಡವರನೇಕರು ಊರು ಬಿಟ್ಟು ತೆರಳಿದರೂ ಅವರು ಅಲ್ಲಿಯೇ ನಿಂತು, ಹಿಂದೂ ರೋಗಿಗಳಿಗೆ ಪ್ರತ್ಯೇಕವಾದ ಆಸ್ಪತ್ರೆಯೊಂದರ ಏರ್ಪಾಟಿಗೆ ನೆರವಾಗಿ, ತಮ್ಮ ಪತ್ರಿಕೆಯಲ್ಲಿ ಸೈನಿಕರ ಅತಿಕ್ರಮವನ್ನು ಖಂಡಿಸಿದರು. ಜೂನ್ 22ರ ರಾತ್ರಿ ಚಾಪೇಕರ್ ಸೋದರರು ರ‍್ಯಾಂಡನಿಗೆ ಗುಂಡಿಕ್ಕಿದರು; ಸೆಪ್ಟೆಂಬರಿನಲ್ಲಿ ತಿಲಕರಿಗೆ ರಾಜದ್ರೋಹದ ಅಪರಾಧದ ಮೇಲೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಇತ್ತ ಗೋಪಾಲಕೃಷ್ಣ ಗೋಖಲೆಯವರ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಆಯೋಗವೊಂದರ ಮುಂದೆ ಸಾಕ್ಷ್ಯ ನುಡಿಯಲು ಇಂಗ್ಲೆಂಡಿಗೆ ಹೋಗಿದ್ದ ಅವರು, ಪುಣೆಯ ಮಿತ್ರರು ಬರೆದ ಪತ್ರಗಳನ್ನು ನಂಬಿ, ಸೈನಿಕರು ಇಬ್ಬರು ಸ್ತ್ರೀಯರ ಮಾನಭಂಗ ಮಾಡಿದರೆಂಬ ಆರೋಪವನ್ನು ಅಲ್ಲಿನ ಪತ್ರಿಕೆಯ ಮೂಲಕ ಪ್ರಕಟಿಸಿದರು. ಸ್ವದೇಶಕ್ಕೆ ಮರಳಿ ನೋಡಿದರೆ, ಪತ್ರ ಬರೆದವರಲ್ಲಿ ಬಹಿರಂಗವಾಗಿ ಸಾಕ್ಷಿಯಾಗಲು ಒಬ್ಬರೂ ಸಿದ್ಧರಿರಲಿಲ್ಲ. ಆಗ ಅವರು ಆರೋಪವನ್ನು ನಿಶ್ಶರ್ತವಾಗಿ ಹಿಂತೆಗೆದುಕೊಂಡು ಕ್ಷಮೆ ಬೇಡಿದರು. ಇದನ್ನು ದೌರ್ಬಲ್ಯವೆಂದು ಅಂದು ಜರೆದವರು ಬಹುಮಂದಿ. ನನ್ನ ಮತ ಬೇರೆ. ದುಃಖಿತನ ಮಾತಿಗೆ ಪ್ರತಿನಿಧಿಯು ಧ್ವನಿಯನ್ನು ಕೊಡಬಲ್ಲನೇ ಹೊರತು ಸಾಕ್ಷ್ಯವನ್ನು ಸೃಷ್ಟಿಸಲಾರನೆಂಬುದನ್ನು ಒಪ್ಪಿಕೊಂಡ ಧೈರ್ಯವದು. ಗೋಖಲೆಯವರು ಅಲ್ಲಿಗೇ ನಿಲ್ಲದೆ ಪುಣೆಯ ಪ್ಲೇಗಿನ ಸೇವಾಕಾರ್ಯದಲ್ಲಿ ಸ್ವತಃ ತೊಡಗಿದುದನ್ನೂ ನಿಂದಕರು ಗಣಿಸಬೇಕಾಗಿದ್ದಿತು.

ಈ ಹಿನ್ನೆಲೆಯನ್ನು ಇಟ್ಟುಕೊಂಡು ನಮ್ಮ ಮೈಸೂರಿನ ಕಡೆಗೆ ತಿರುಗೋಣ. ಇಲ್ಲಿ ಪ್ರಜೆಗಳ ಅರಿಕೆಗೆ ಒಂದು ಮಾರ್ಗವು ಅದಾಗಲೇ ಸಿದ್ಧವಾಗಿದ್ದಿತು. ದಿವಾನ್ ರಂಗಾಚಾರ್ಯರ ಪ್ರಯತ್ನದ ಫಲವಾಗಿ 1881ರ ಅಕ್ಟೋಬರ್ 7ರಂದು 144 ಮಂದಿ ಸದಸ್ಯರೊಡನೆ ಮೊದಲು ಸೇರಿದ ಪ್ರಜಾಪ್ರತಿನಿಧಿ ಸಭೆಯು ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ಕೂಡುತ್ತಿದ್ದಿತು. ದಿವಾನರು ಹಿಂದಿನ ವರ್ಷದ ರಾಜ್ಯಾಡಳಿತದ ವರದಿಯನ್ನು ಓದುವುದು, ಸದಸ್ಯರು ತಮ್ಮ ತಮ್ಮ ತಾಲ್ಲೂಕುಗಳ ಕೊರತೆಗಳನ್ನು ಅರಿಕೆಮಾಡುವುದು, ದಿವಾನರು ಅವುಗಳಿಗೆ ಸಮಾಧಾನ ಹೇಳುವುದು. ಇಷ್ಟೇ ಅದರ ವ್ಯವಹಾರ. ಶಾಸನ ಮಾಡುವ ಶಕ್ತಿಯಾಗಲಿ, ಖಜಾನೆಯ ಬೀಗದ ಕೈಯಾಗಲಿ ಆ ಸಭೆಗೆ ಇರಲಿಲ್ಲ. ಕೆರೆಯ ತೂಬು, ಹುಲ್ಲುಗಾವಲು, ಅರಣ್ಯದ ಪಹರೆಯವನ ಕಿರುಕುಳ, ಕಂದಾಯದ ಕಂತು ಇಂಥವೇ ವರ್ಷವರ್ಷವೂ ಅಲ್ಲಿ ಕೇಳಿಬರುತ್ತಿದ್ದ ಮಾತುಗಳು. 1891ರಿಂದ ಸದಸ್ಯರು ಚುನಾವಣೆಯಿಂದ ಬರತೊಡಗಿದರಾದರೂ, ಮತದ ಹಕ್ಕು ಇದ್ದುದು ಗೊತ್ತಾದಷ್ಟು ಕಂದಾಯ ಕೊಡುವವರಿಗೆ, ವರ್ತಕರಿಗೆ, ವಿದ್ಯಾವಂತರಿಗೆ. ಬೇಡುವುದೊಂದೇ ಅಧಿಕಾರವಾಗಿದ್ದ ಇಂಥ ಸಭೆಯನ್ನು ಪರಿಹಾಸ್ಯ ಮಾಡುವುದು ಸುಲಭ. ಮೇಲೆ ಹೇಳಿದ ನಾಲ್ಕನೆಯ ವಿಧಿಯನ್ನು ನೆನೆದರೆ ಪರಿಹಾಸ್ಯದ ಉತ್ಸಾಹ ಕುಗ್ಗುತ್ತದೆ.

ಮೈಸೂರು ಸೀಮೆಗೆ ಪ್ಲೇಗು ಬಂದುದು ರೈಲಿನಲ್ಲಿ, ಹುಬ್ಬಳ್ಳಿಯ ಕಡೆಯಿಂದ. 1898ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಅದು ಕಾಣಿಸಿಕೊಂಡಿತು. ಆಗಿನ ಬೆಂಗಳೂರು ಒಂದು ಊರಲ್ಲ, ಎರಡು ಊರು: ಪೇಟೆ ಮೈಸೂರು ಸರ್ಕಾರದ ಅಧೀನ, ದಂಡು ಬ್ರಿಟಿಷ್ ರೆಸಿಡೆಂಟರ ಅಧೀನ, ನಗರಸಭೆಗಳು ಎರಡು, ಪೋಲೀಸು ಎರಡು, ಇಲಿಗಳಿಗೆ ಮಾತ್ರ ಈ ಭೇದ ತಿಳಿಯದು. ಮಹಾರಾಜರು ಇನ್ನೂ ಅಪ್ರಾಪ್ತವಯಸ್ಕರಾಗಿದ್ದುದರಿಂದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿಯೂ ಶೇಷಾದ್ರಿ ಅಯ್ಯರವರು ದಿವಾನರಾಗಿಯೂ ಇದ್ದ ಕಾಲವದು. ಪ್ಲೇಗ್ ಕಮಿಷನರಾಗಿ ನಿಯಮಿತರಾದ ವಿ. ಪಿ. ಮಾಧವರಾಯರು, ಮುಂದೆ ದಿವಾನಗಿರಿಗೆ ಏರಿದವರು, ಮನೆಗಳನ್ನು ತೆರವು ಮಾಡಿಸುವುದು, ಊರ ಹೊರಗೆ ಕ್ಯಾಂಪುಗಳನ್ನು ಹಾಕಿಸುವುದು, ಸೋಂಕು ತಗುಲಿದ ಮನೆಗಳನ್ನು ಔಷಧಿಯಿಂದ ತೊಳೆಸುವುದು ಈ ಕೆಲಸಗಳನ್ನೆಲ್ಲ ದೃಢಹಸ್ತದಿಂದ ನಡೆಸಿದರು. ಆದರೂ ಆ ವರ್ಷವೇ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗಿನ ನಿಬಂಧನೆಗಳ ವಿರುದ್ಧ ಜನರು ದೊಂಬಿಯೆದ್ದರು. ಸಭೆಯ ಮೂಲಕ ಮೇಲಕ್ಕೆ ಹೋಗಬೇಕಾದ ಮಾತು ಹೋಗಲು ತಡವಾದರೆ ಬೀದಿಗೆ ಇಳಿಯುತ್ತದೆ. ಮುಂಬಯಿಯಲ್ಲಿಯೂ 1898ರ ಮಾರ್ಚ್ 9ರಂದು, ಜುಲಾಹ ನೇಕಾರರ ಕೇರಿಯಲ್ಲಿ ರೋಗದ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಹೋದಾಗ, ಇಂಥದೇ ಗಲಭೆ ನಡೆದಿದ್ದಿತು.

ಈ ಜನರನ್ನು ಮೂಢರೆನ್ನುವುದು ಆಗಿನ ಅಧಿಕಾರಿಗಳ ವಾಡಿಕೆಯಾಗಿದ್ದಿತು. ಜನರಲ್ಲಿ ಮೌಢ್ಯವಿರಲಿಲ್ಲವೆಂದು ಯಾರೂ ಹೇಳುವುದಿಲ್ಲ; ಪ್ಲೇಗಿನ ಮಾರಮ್ಮನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ. ಆದರೆ ಅಂದಿನ ಅಧಿಕಾರಿಗಳ ವಿಜ್ಞಾನವೂ ಅರ್ಧ ಕತ್ತಲಿನಲ್ಲಿಯೇ ಇದ್ದಿತು. ರೋಗದ ಅಣುಜೀವಿಯನ್ನು ಯೆರ್ಸಿನ್ ಎಂಬ ಪಂಡಿತರು 1894ರಲ್ಲಿ ಹಾಂಕಾಂಗಿನಲ್ಲಿ ಕಂಡುಹಿಡಿದಿದ್ದರು, ನಿಜ. ಆದರೆ ಅದು ಇಲಿಯ ಮೈಮೇಲಣ ಚಿಗಟದ ಮೂಲಕ ಮನುಷ್ಯನಿಗೆ ಹರಡುತ್ತದೆಂಬುದನ್ನು ಸೈಮಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರೂ ಪಂಡಿತಲೋಕವು ಅದನ್ನು ಹಲವು ವರ್ಷಗಳವರೆಗೆ ಅಂಗೀಕರಿಸಲಿಲ್ಲ. ಅಲ್ಲಿಯವರೆಗೆ ರೋಗವು ನೆಲದಲ್ಲಿದೆ, ಕೊಳೆಯಲ್ಲಿದೆ, ರೋಗಿಯ ಉಸಿರಿನಲ್ಲಿದೆ, ಬಟ್ಟೆಯಲ್ಲಿದೆ ಎಂದು ಊಹಿಸಿ, ಚರಂಡಿಗಳಿಗೆ ಔಷಧಿ ಸುರಿದು, ರೋಗಿಯನ್ನು ಬಂಧುಗಳಿಂದ ಅಗಲಿಸಿ ಒಯ್ಯುವ ಕ್ರಮವೇ ಮುಖ್ಯವೆನಿಸಿತ್ತು. ನಮ್ಮ ಹಳ್ಳಿಯವರಿಗೆ ಅಣುಜೀವಿಯೂ ತಿಳಿಯದು, ಚಿಗಟವೂ ತಿಳಿಯದು; ಆದರೆ ಮನೆಯಲ್ಲಿ ಇಲಿ ಬಿದ್ದರೆ ಮನುಷ್ಯ ಬೀಳುವುದಕ್ಕೆ ತಡವಿಲ್ಲವೆಂಬುದನ್ನು ಒಂದೆರಡು ವರ್ಷಗಳೊಳಗೆ ಕಂಡುಕೊಂಡು, ಇಲಿ ಬಿದ್ದಿತೆಂಬ ಸುದ್ದಿ ಹುಟ್ಟಿದೊಡನೆಯೇ ಊರಿಗೆ ಊರೇ ಎದ್ದು, ಹೊಲದಲ್ಲಿಯೋ ತೋಟದಲ್ಲಿಯೋ ಬಿದಿರು ಸೋಗೆಗಳಿಂದ ಗುಡಿಸಲು ಕಟ್ಟಿಕೊಂಡು, ಮಳೆಯೋ ಚಳಿಯೋ ಅಲ್ಲಿಯೇ ತಿಂಗಳುಗಟ್ಟಲೆ ಕಾಲ ನೂಕುವುದನ್ನು ರೂಢಿಮಾಡಿಕೊಂಡರು. ಶಾಸ್ತ್ರ ತಡವಾಗಿ ಮುಟ್ಟಿದ ನಿರ್ಣಯವೂ ಅದೇ. ಹೀಗಾಗಿ, ರೋಗಿಯನ್ನು ಸೆಳೆದೊಯ್ಯುವುದನ್ನು ಬಿಡಿ, ಊರು ಬಿಟ್ಟವರಿಗೆ ಗುಡಿಸಲಿನ ಸಾಮಗ್ರಿ ಕೊಡಿಸಿ, ಬಿಟ್ಟ ಮನೆಗಳಿಗೆ ಕಳ್ಳರ ಕಾವಲು ಹಾಕಿಸಿ ಎಂದು ಊರಿನ ಪರವಾಗಿ ಕೇಳಬಲ್ಲ ಸಾಮಾನ್ಯ ಮನುಷ್ಯನೊಬ್ಬನು, ಆ ವಿಷಯದಲ್ಲಿ ಪದವೀಧರರಾದ ವೈದ್ಯಾಧಿಕಾರಿಗಳಿಗಿಂತ ಸತ್ಯಕ್ಕೆ ಸಮೀಪದಲ್ಲಿದ್ದನು.

ಸೂಜಿಯ ಕಥೆಯೂ ಇದಕ್ಕೆ ಸೇರಿದುದೇ. ಹಾಫ್‌ಕಿನ್ ಎಂಬ ವಿಜ್ಞಾನಿ ತಾವು ಸಿದ್ಧಪಡಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಮರು ವರ್ಷ ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕ ಜನ ಅದನ್ನು ಹಾಕಿಸಿಕೊಂಡರು. ಕನ್ನಡನಾಡಿನ ಒಂದು ವ್ಯಾಪಾರದ ಊರು ಇಷ್ಟು ದೊಡ್ಡ ಪ್ರಮಾಣದಲ್ಲಿ ಕೈ ಚಾಚಿದುದು ಸಾಧಾರಣವಾದ ಸಂಗತಿಯಲ್ಲ. ಆದರೆ 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ ಹತ್ತೊಂಬತ್ತು ಮಂದಿ ಧನುರ್ವಾಯುವಿನಿಂದ ಸತ್ತರು. ಸೂಜಿಗೆ ಅಂಜುವವನ ಅಂಜಿಕೆಯನ್ನು ಕೇಳಿ, ಅದಕ್ಕೆ ಉತ್ತರ ತಂದುಕೊಡುವ ಮಧ್ಯಸ್ಥನೊಬ್ಬನು ಬೇಕಾಗಿದ್ದುದು ಇಂಥ ಸಂದರ್ಭಗಳಲ್ಲಿ. ಮೈಸೂರಿನಲ್ಲಿ ತಾತಯ್ಯನವರೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರು ಪತ್ರಿಕೆಯ ಸಂಪಾದಕರೂ ಪ್ರಜಾಪ್ರತಿನಿಧಿ ಸಭೆಯ ಸದಸ್ಯರೂ ಆಗಿದ್ದರೆಂಬುದನ್ನು ನೋಡಿದರೆ, ಆ ಕಾಲದಲ್ಲಿ ಅರಿಕೆಯ ಎರಡು ದಾರಿಗಳೂ ಹಲವೊಮ್ಮೆ ಒಬ್ಬನೇ ವ್ಯಕ್ತಿಯಲ್ಲಿ ಬಂದು ಕೂಡುತ್ತಿದ್ದುದು ತಿಳಿಯುತ್ತದೆ. ಬರಬರುತ್ತ ಬಲಾತ್ಕಾರದ ಕ್ರಮಗಳು ಬ್ರಿಟಿಷ್ ಹಿಂದೂಸ್ಥಾನದಲ್ಲಿಯೂ ಸಡಿಲಗೊಂಡುವು. ಜನರ ಸಮ್ಮತಿಯಿಲ್ಲದೆ ಪ್ಲೇಗಿನ ಕೆಲಸ ಸಾಗದೆಂಬುದನ್ನು ಸರ್ಕಾರವು ಗಲಭೆಗಳಿಂದಲೂ ಅರಿಕೆಗಳಿಂದಲೂ ಕಲಿಯಿತು.

1891ರ ಗಣತಿಯಲ್ಲಿ ಪೇಟೆ ದಂಡುಗಳೆರಡೂ ಸೇರಿ 1,80,366 ಜನರಿದ್ದ ಬೆಂಗಳೂರಿನಲ್ಲಿ 1901ರಲ್ಲಿ ಉಳಿದವರು 1,59,046. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ ಈ ಅಂಕೆಯಲ್ಲಿ ಬೆರೆತುಹೋಗಿದ್ದಾರೆ. ಚಿಕ್ಕಪೇಟೆ, ಬಳೇಪೇಟೆಗಳ ಗಾಳಿ ಬೆಳಕಿಲ್ಲದ ಓಣಿಗಳಿಂದ ಜನರನ್ನು ಹೊರಗೆ ತರಬೇಕೆಂಬ ಉದ್ದೇಶದಿಂದ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬಡಾವಣೆಗಳು ತ್ವರೆಯಿಂದ ಬೆಳೆದುವು. ಮೈಸೂರು ನಗರದಲ್ಲಿಯೂ 1903ರಲ್ಲಿ ನಗರಾಭಿವೃದ್ಧಿಯ ಮಂಡಲಿಯೊಂದು ಏರ್ಪಟ್ಟಿತು. ಅಗಲವಾದ ಬೀದಿ, ಮನೆಯ ಹಿಂದೆ ಸಣ್ಣ ಗಲ್ಲಿ, ಮನೆಯ ಸುತ್ತ ಒಂದಿಷ್ಟು ಬಯಲು. ನಿವೇಶನ ಕೊಳ್ಳಬಲ್ಲವರಿಗೆ ಪ್ಲೇಗು ಹೀಗೆ ಪರ್ಯಾಯವಾಗಿ ಒಂದು ಉಪಕಾರವನ್ನೇ ಮಾಡಿತೆನ್ನಬಹುದು. ಕೊಳ್ಳಲಾರದವರು ಪೇಟೆಯಲ್ಲಿಯೇ ಉಳಿದರು. ಸೋಂಕಿನ ಮನೆಗಳನ್ನು ಗುಡಿಸಿ ತೊಳೆದವರು, ಸತ್ತ ಇಲಿಗಳನ್ನು ಎತ್ತಿ ಸುಟ್ಟವರು, ಬಂಧುಗಳೂ ಮುಟ್ಟದ ಹೆಣಗಳನ್ನು ಹೊತ್ತವರು ಮತದಾರರ ಪಟ್ಟಿಯಲ್ಲಿರಲಿಲ್ಲ. ಅವರ ಪರವಾಗಿ ಅನ್ಯರು ದಯೆಯಿಂದ ಎರಡು ಮಾತು ಆಡಿದರೆ ಆಡಿದರು, ಇಲ್ಲದಿದ್ದರೆ ಇಲ್ಲ. ಆ ವರ್ಗಗಳಿಗೆ ಪ್ರಜಾಪ್ರತಿನಿಧಿ ಸಭೆಯಲ್ಲಿ ನಿಯತವಾದ ಸ್ಥಾನಗಳು ಏರ್ಪಟ್ಟುದು ಕಾಲು ಶತಮಾನದ ತರುವಾಯ, 1923ರ ಸುಧಾರಣೆಗಳಲ್ಲಿ.