ಬೆಳ್ವೊಲದ ಬಳುವಳಿ: ರಾಷ್ಟ್ರಕೂಟರ ಬಲ ಮತ್ತು ನೆರೆಯ ಗಂಗರು

ಹುಬ್ಬಳ್ಳಿ–ಗದಗ ದಾರಿಯಲ್ಲಿರುವ ಅಣ್ಣಿಗೇರಿ ಒಂದು ಕಾಲಕ್ಕೆ ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣ. ಆದಿಕವಿ ಪಂಪನ ತಾಯಿಯ ತವರು ಇದೇ ಊರೆಂಬುದನ್ನು ಕುರ್ಕ್ಯಾಲದ ಶಾಸನದಿಂದ ತಿಳಿಯುತ್ತೇವೆ. ಕಪ್ಪು ಎರೆಯ ಈ ಸಮೃದ್ಧ ನಾಡನ್ನು ಮಾನ್ಯಖೇಟದ ರಾಷ್ಟ್ರಕೂಟರು ತಮ್ಮ ನೆರೆಯ ಗಂಗರ ಕೈಗೆ ಒಪ್ಪಿಸಿದ್ದು ಚರಿತ್ರೆಯ ಒಂದು ಕುತೂಹಲಕರ ಸಂಗತಿ.

ಗಂಗರೊಡನೆ ರಾಷ್ಟ್ರಕೂಟರ ಸಂಬಂಧ ಮೊದಲಿನಿಂದ ಸ್ನೇಹದ್ದಾಗಿರಲಿಲ್ಲ. ಧ್ರುವನು ಗಂಗ ಶಿವಮಾರನನ್ನು ಸೆರೆಯಲ್ಲಿಟ್ಟನು. ಗಂಗವಾಡಿಯನ್ನು ಅಡಗಿಸುವ ಯತ್ನ ದಶಕಗಳವರೆಗೆ ಸಾಗಿತು. ಕಡೆಗೆ ಅಮೋಘವರ್ಷ ನೃಪತುಂಗನು ಮಗಳು ಚಂದ್ರೊಬಲಬ್ಬೆಯನ್ನು ಗಂಗ ಬೂತುಗನಿಗಿತ್ತು ಹಗೆಯನ್ನು ನಂಟಾಗಿ ಮಾರ್ಪಡಿಸಿದನು. ಕತ್ತಿಯಿಂದಾಗದ ಕೆಲಸ ಕನ್ಯಾದಾನದಿಂದಾಯಿತು.

ಈ ನೀತಿಯ ಫಲ ಮೂರನೆಯ ಕೃಷ್ಣನ ಕಾಲದಲ್ಲಿ ಕಂಡಿತು. ಕೃಷ್ಣನು ರಾಚಮಲ್ಲನನ್ನು ಕೊಂದು ಇಮ್ಮಡಿ ಬೂತುಗನನ್ನು ಗಂಗ ಸಿಂಹಾಸನದಲ್ಲಿ ಕುಳ್ಳಿರಿಸಿದನು. ಕೃಷ್ಣನ ಅಕ್ಕ ರೇವಕನಿಮ್ಮಡಿ ಬೂತುಗನ ಮಡದಿ. 949ರಲ್ಲಿ ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದವನು ಬೂತುಗನೇ. ಮೆಚ್ಚಿದ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವನ್ನು ಇತ್ತನೆಂದು ಆತಕೂರು ಶಾಸನ ಹೇಳುತ್ತದೆ. ಆದರೆ 975ರ ಹೆಬ್ಬಾಳ ಶಾಸನದ ಪ್ರಕಾರ ಬನವಾಸಿಯೊಂದನ್ನು ಬಿಟ್ಟು ಉಳಿದ ನಾಲ್ಕೂ ರೇವಕನಿಮ್ಮಡಿಯ ಮದುವೆಯ ಬಳುವಳಿ. ಎರಡನ್ನೂ ಸುಳ್ಳೆನ್ನಬೇಕಿಲ್ಲ: ಬಳುವಳಿಯಾಗಿ ಬಂದುದನ್ನು ಯುದ್ಧಾನಂತರ ಸ್ಥಿರಪಡಿಸಿ, ಬನವಾಸಿಯನ್ನು ಸೇರಿಸಿರಬೇಕು. ರಾಜ್ಯದ ನಡುಭಾಗದ ಫಲವತ್ತಾದ ನೆಲವನ್ನೇ ಬಿಟ್ಟುಕೊಡುವಷ್ಟು ಬೆಲೆ ಆ ಸ್ನೇಹಕ್ಕಿತ್ತು. ಗಂಗವಾಡಿ ತೆಂಕಣದ ಕೋಟೆಯಾಗಿ ನಿಂತುದರಿಂದಲೇ ಬಡಗಣ ದಂಡಯಾತ್ರೆಗಳು ಸಾಧ್ಯವಾದವು. ಅವುಗಳಲ್ಲಿಯೂ ಬೂತುಗನ ಮಗ ಮಾರಸಿಂಹನೇ ಮುಂದಾಳು.

ಪಡುವಣ ಕರಾವಳಿಯಲ್ಲಿಯೂ ಇದೇ ನೀತಿ. ಅರಬ್ ವರ್ತಕರಿಗೆ ಬಲ್ಹರನು, ಎಂದರೆ ವಲ್ಲಭರಾಜನು, ಮಿತ್ರನೆಂದು 851ರ ಅರಬ್ಬೀ ವೃತ್ತಾಂತ ಹೊಗಳುತ್ತದೆ. ಸಂಜಾನ ಮಂಡಲವನ್ನು ಮಧುಮತಿಯೆಂಬ ಅರಬ್ ಅಧಿಕಾರಿ ಆಳುತ್ತಿದ್ದುದು 926ರ ಚಿಂಚಣಿ ತಾಮ್ರಪಟದಿಂದ ತಿಳಿಯುತ್ತದೆ.

ಆದರೆ ಎಲ್ಲ ಸಾಮಂತರೂ ಗಂಗರಂತಿರಲಿಲ್ಲ. ಹಿಂದೆ ಅಧೀನನಾಗಿದ್ದ ಪರಮಾರ ಸೀಯಕನು 972ರ ಹೊತ್ತಿಗೆ ಮಾನ್ಯಖೇಟವನ್ನು ಸೂರೆಗೊಂಡನು. ಧನಪಾಲನ ಪ್ರಾಕೃತ ಕೋಶ ‘ಪಾಇಯಲಚ್ಛೀ’ ಆ ಲೂಟಿಯನ್ನು ಸ್ಮರಿಸುತ್ತದೆ. ಮರುವರ್ಷವೇ ತೈಲಪನು ರಾಜ್ಯವನ್ನು ಕಸಿದನು. ಅವನಿಗೆ ತರ್ದವಾಡಿ ಸಾವಿರವನ್ನು ಆಳಲು ಕೊಟ್ಟಿದ್ದವನೂ ಕೃಷ್ಣನೇ. ಮಾರಸಿಂಹ ಮಾತ್ರ ಕೃಷ್ಣನ ಮೊಮ್ಮಗ ಇಂದ್ರನಿಗೆ ಪಟ್ಟಕಟ್ಟಲು ಹೆಣಗಿ, ಸೋತು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟನು. ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದನು.