ಬಿಸಿಲು ಮತ್ತು ಚರ್ಮದ ಕ್ಯಾನ್ಸರ್: ಕಪ್ಪು ಮೈಬಣ್ಣದವರೂ ತಿಳಿದಿರಬೇಕಾದ ವಿಷಯಗಳು

ಪ್ರತಿವರ್ಷ ಮಾರ್ಚ್–ಏಪ್ರಿಲ್ ಹೊತ್ತಿಗೆ ಚೆನ್ನೈನ ಮೈಲಾಪೂರ್‌ನಲ್ಲಿ ಕಪಾಲೀಶ್ವರ ದೇವಸ್ಥಾನದ ಪಂಗುನಿ ಉತ್ಸವ ನಡೆಯುತ್ತದೆ. ತೇರು ಮತ್ತು ಅರವತ್ತಮೂವರ ಮೆರವಣಿಗೆ ನೋಡಲು ಜನರು ಮಾಡ ಬೀದಿಗಳಲ್ಲಿ ಹಗಲು ಹೊತ್ತಿನಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ. "ನಮ್ಮದು ಕಪ್ಪು ಮೈ, ಬಿಸಿಲು ನಮಗೇನು ಮಾಡೀತು?" ಎನ್ನುವವರು ಬಹಳ. ಈ ಮಾತು ಅರ್ಧ ಮಾತ್ರ ನಿಜ.

ಬಿಸಿಲು ಚರ್ಮಕ್ಕೆ ಏನು ಮಾಡುತ್ತದೆ?

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಇವು ಚರ್ಮದ ಕೋಶಗಳೊಳಗಿನ ಡಿಎನ್‌ಎಗೆ ಹಾನಿ ಮಾಡುತ್ತವೆ. ಹಾನಿ ವರ್ಷಗಟ್ಟಲೆ ಸೇರುತ್ತಾ ಹೋದರೆ ಸುಕ್ಕು, ಕಲೆ, ಕೆಲವರಲ್ಲಿ ಕ್ಯಾನ್ಸರ್ ಬರಬಹುದು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಈ ಕಿರಣಗಳನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಆದ್ದರಿಂದಲೇ ಭಾರತದಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಬರುವುದಿಲ್ಲ ಎಂಬ ನಂಬಿಕೆಯಿಂದ ತಡವಾಗಿ ವೈದ್ಯರ ಬಳಿ ಹೋಗುವುದೇ ನಮ್ಮಲ್ಲಿರುವ ದೊಡ್ಡ ಅಪಾಯ.

ಯಾವ ಹೊತ್ತಿನ ಬಿಸಿಲು ಹೆಚ್ಚು ಹಾನಿಕರ?

ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಅತಿನೇರಳೆ ಕಿರಣಗಳು ಹೆಚ್ಚು ತೀವ್ರ. ಚೆನ್ನೈ ಸಮಭಾಜಕ ವೃತ್ತಕ್ಕೆ ಹತ್ತಿರವಿರುವುದರಿಂದ ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ರಕ್ಷಣೆ ಬೇಕು ಎಂದು ತಿಳಿಯಿರಿ.

ಮಧ್ಯಾಹ್ನ ಕಡಲ ಗಾಳಿ ಬೀಸಿದಾಗ ಸೆಕೆ ತಗ್ಗುತ್ತದೆ, ಆದರೆ ಕಿರಣಗಳು ತಗ್ಗುವುದಿಲ್ಲ. ತೆಳು ಮೋಡವೂ ಅವನ್ನು ಪೂರ್ತಿ ತಡೆಯುವುದಿಲ್ಲ. ಮರೀನಾದ ಒಣ ಮರಳು ಕೂಡ ಒಂದಿಷ್ಟು ಕಿರಣಗಳನ್ನು ಮೇಲಕ್ಕೆ ಪ್ರತಿಫಲಿಸುತ್ತದೆ.

ಹೇಗೆ ರಕ್ಷಿಸಿಕೊಳ್ಳಬೇಕು?

• ಹೊರಗಿನ ಕೆಲಸಗಳನ್ನು ಆದಷ್ಟು ಬೆಳಿಗ್ಗೆ ಅಥವಾ ಸಂಜೆ ಇಟ್ಟುಕೊಳ್ಳಿ.
• ಕೊಡೆ, ಅಗಲ ಅಂಚಿನ ಟೋಪಿ, ಒತ್ತಾದ ನೇಯ್ಗೆಯ ತುಂಬುತೋಳಿನ ಬಟ್ಟೆ ಬಳಸಿ. ಸೆರಗು ಅಥವಾ ದುಪ್ಪಟ್ಟಾದಿಂದ ಕತ್ತು, ಕಿವಿ ಮುಚ್ಚಿಕೊಳ್ಳಿ.
• ಬಟ್ಟೆ ಮುಚ್ಚದ ಜಾಗಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ. ಮುಖ, ಕತ್ತಿಗೆ ಎರಡು ಬೆರಳುದ್ದದಷ್ಟು ಬೇಕು. 2 ಗಂಟೆಗೊಮ್ಮೆ, ತುಂಬಾ ಬೆವರಿದರೆ ಅದಕ್ಕೂ ಮೊದಲೇ ಮತ್ತೆ ಹಚ್ಚಿ.
• 6 ತಿಂಗಳೊಳಗಿನ ಮಕ್ಕಳನ್ನು ನೆರಳಿನಲ್ಲೇ ಇಡಿ.

ಸನ್‌ಸ್ಕ್ರೀನ್ ದುಬಾರಿ ಎನಿಸಿದರೆ ಚಿಂತಿಸಬೇಡಿ. ನೆರಳು, ಕೊಡೆ, ಬಟ್ಟೆ ಇವೇ ಮೊದಲ ರಕ್ಷಣೆ.

ಯಾರು ಹೆಚ್ಚು ಎಚ್ಚರ ವಹಿಸಬೇಕು?

ಮೀನುಗಾರರು, ಕಟ್ಟಡ ಕಾರ್ಮಿಕರು, ಬೀದಿ ವ್ಯಾಪಾರಿಗಳು ದಿನವಿಡೀ ಬಿಸಿಲಿನಲ್ಲಿರುತ್ತಾರೆ. ಹುಟ್ಟಿನಿಂದಲೇ ಮೆಲನಿನ್ ಕೊರತೆಯಿರುವವರಿಗೆ, ಮೂತ್ರಪಿಂಡ ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಬಿಸಿಲನ್ನು ತಾಳುವ ಶಕ್ತಿಯನ್ನು ಕಡಿಮೆ ಮಾಡಬಹುದು. ಹಾಗೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಬಿಸಿಲು ತಾಗದ ಜಾಗವನ್ನೂ ನೋಡಿ

ಕಪ್ಪು ಮೈಬಣ್ಣದವರಲ್ಲಿ ಮೆಲನೋಮಾ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನಡಿ ಕಾಣಿಸಿಕೊಳ್ಳುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ 36ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಶುರುವಾದ ಮೆಲನೋಮಾದಿಂದ. ಇದಕ್ಕೆ ಬಿಸಿಲು ಮುಖ್ಯ ಕಾರಣವಲ್ಲ, ಆದ್ದರಿಂದ ಸನ್‌ಸ್ಕ್ರೀನ್ ಇದನ್ನು ತಡೆಯುವುದಿಲ್ಲ. ಬೇಗ ಗುರುತಿಸುವುದೇ ದಾರಿ.

ಹಳೆಯ ಸುಟ್ಟ ಗಾಯದ ಕಲೆ ಮತ್ತು ಬಹುಕಾಲ ವಾಸಿಯಾಗದ ಹುಣ್ಣಿನಲ್ಲಿಯೂ ಕ್ಯಾನ್ಸರ್ ಹುಟ್ಟಬಹುದು. ಲಂಗದ ಲಾಡಿ ಅಥವಾ ಪಂಚೆಯನ್ನು ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿ, ಸೊಂಟದಲ್ಲಿ ಗಾಯವಾಗಿ ಅದು ಕ್ಯಾನ್ಸರ್ ಆದ ಉದಾಹರಣೆಗಳೂ ಭಾರತದಲ್ಲಿವೆ. ಲಾಡಿಯನ್ನು ಸಡಿಲವಾಗಿ, ಜಾಗ ಬದಲಿಸಿ ಕಟ್ಟಿ. ಅಗಲ ಪಟ್ಟಿಯಾದರೆ ಇನ್ನೂ ಒಳ್ಳೆಯದು.

ವೈದ್ಯರನ್ನು ಯಾವಾಗ ಕಾಣಬೇಕು?

• 4 ವಾರ ಕಳೆದರೂ ಮಾಯದ ಹುಣ್ಣು, ಪದೇಪದೇ ರಕ್ತ ಒಸರುವ ಗಂಟು
• ಆಕಾರ, ಬಣ್ಣ, ಗಾತ್ರ ಬದಲಾಗುತ್ತಿರುವ ಮಚ್ಚೆ
• ಅಂಗಾಲು, ಅಂಗೈಯಲ್ಲಿ ಹೊಸದಾಗಿ ಬಂದು ಹರಡುತ್ತಿರುವ ಕಪ್ಪು ಕಲೆ
• ಒಂದೇ ಉಗುರಿನಲ್ಲಿ ಹೊಸದಾಗಿ ಕಂಡು ಅಗಲವಾಗುತ್ತಿರುವ ಕಪ್ಪು ಗೆರೆ. ಹಲವು ಉಗುರುಗಳಲ್ಲಿ ಬಹಳ ಕಾಲದಿಂದ ಹಾಗೇ ಇರುವ ತೆಳು ಗೆರೆಗಳು ಸಾಮಾನ್ಯವಾಗಿ ನಿರಪಾಯ.

ಮಚ್ಚೆಗೆ ಸುಣ್ಣ ಹಚ್ಚಿ ಸುಡಬೇಡಿ, ಬ್ಲೇಡಿನಿಂದ ಕೆತ್ತಬೇಡಿ. ಮೊದಲು ಚರ್ಮರೋಗ ತಜ್ಞರಿಗೆ ತೋರಿಸಿ. ಅನುಮಾನವಿದ್ದರೆ ಅವರು ಚರ್ಮದ ಸಣ್ಣ ತುಣುಕು ತೆಗೆದು ಬಯಾಪ್ಸಿ ಪರೀಕ್ಷೆಗೆ ಕಳಿಸುತ್ತಾರೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಬೇಡ. ಮೈಲಾಪೂರ್ ಸುತ್ತಮುತ್ತಲಿನವರಿಗೆ ರಾಯಪೇಟೆಯ ಸರ್ಕಾರಿ ಆಸ್ಪತ್ರೆ ಹತ್ತಿರ. ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರ ಶ್ರಮದಿಂದ 1954ರಲ್ಲಿ ಆರಂಭವಾದ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಕೂಡ ದೂರವಿಲ್ಲ.

ಮನೆಯವರಿಗೆ ಒಂದು ಮಾತು

ವಯಸ್ಸಾದವರಿಗೆ ಬಗ್ಗಿ ತಮ್ಮ ಅಂಗಾಲನ್ನು ನೋಡಿಕೊಳ್ಳುವುದು ಕಷ್ಟ. ಅವರ ಉಗುರು ಕತ್ತರಿಸುವಾಗ ಅಂಗಾಲು, ಬೆರಳ ಸಂದು, ಬೆನ್ನು, ಕಿವಿಯ ಹಿಂಭಾಗವನ್ನು ತಿಂಗಳಿಗೊಮ್ಮೆ ಬೆಳಕಿನಲ್ಲಿ ನೋಡಿ. ಅನುಮಾನದ ಕಲೆ ಕಂಡರೆ ಫೋನಿನಲ್ಲಿ ಫೋಟೋ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ, ವೈದ್ಯರಿಗೆ ತೋರಿಸಿ. ಬೇಗ ಗೊತ್ತಾದರೆ ಚರ್ಮದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯಿಂದಲೇ ಪೂರ್ತಿ ವಾಸಿಯಾಗುತ್ತವೆ.