ಮಕ್ಕಳ ಕಣ್ಣಿನ 'ಮೈನಸ್' ಪವರ್: ಕನ್ನಡಕವಷ್ಟೇ ಸಾಲದು, ಆಟದ ಮೈದಾನವೂ ಬೇಕು

ಬೋರ್ಡ್ ಮೇಲಿನ ಅಕ್ಷರ ಕಾಣದೆ ಮಗು ಪಕ್ಕದವರ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತೆ, ಟಿವಿಗೆ ಅಂಟಿಕೊಂಡು ಕೂರುತ್ತೆ, ದೂರದ್ದನ್ನು ನೋಡುವಾಗ ಕಣ್ಣು ಕಿರಿದು ಮಾಡುತ್ತೆ. ಇವು ಸಮೀಪದೃಷ್ಟಿ ದೋಷದ (ಮಯೋಪಿಯಾ) ಲಕ್ಷಣಗಳು. ದೆಹಲಿಯ ಶಾಲಾ ಮಕ್ಕಳ ಬಗ್ಗೆ ಏಮ್ಸ್ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 13.1ರಷ್ಟು ಮಕ್ಕಳಲ್ಲಿ ಈ ದೋಷ ಕಂಡುಬಂದಿತ್ತು. 2050ರ ಹೊತ್ತಿಗೆ ಜಗತ್ತಿನ ಅರ್ಧದಷ್ಟು ಜನರಿಗೆ ಇದು ಬರಬಹುದು ಎಂಬ ಅಂದಾಜೂ ಇದೆ.

ಕಣ್ಣಿನಲ್ಲಿ ಏನಾಗುತ್ತೆ?

ಸಾಮಾನ್ಯವಾಗಿ ಕಣ್ಣುಗುಡ್ಡೆ ಹಿಂದಕ್ಕೆ ಅಗತ್ಯಕ್ಕಿಂತ ಉದ್ದವಾಗಿ ಬೆಳೆಯುತ್ತೆ. ಆಗ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತೆ. ಹೀಗೆ ಉದ್ದವಾದ ಕಣ್ಣು ಮತ್ತೆ ಚಿಕ್ಕದಾಗಲ್ಲ. ಕನ್ನಡಕ ದೃಷ್ಟಿಯನ್ನು ಸರಿಪಡಿಸುತ್ತದೆಯೇ ಹೊರತು ಕಣ್ಣಿನ ಬೆಳವಣಿಗೆಯನ್ನು ನಿಲ್ಲಿಸುವುದಿಲ್ಲ. ಮೈನಸ್ 6 ದಾಟಿದರೆ ಮುಂದೆ ಅಕ್ಷಿಪಟಲ ಕಳಚುವುದು, ಗ್ಲಾಕೋಮಾ, ಶಾಶ್ವತ ದೃಷ್ಟಿನಷ್ಟದ ಅಪಾಯ ಹೆಚ್ಚು. ಎಷ್ಟು ಚಿಕ್ಕ ವಯಸ್ಸಿಗೆ ಶುರುವಾಗುತ್ತೋ ಅಷ್ಟು ಹೆಚ್ಚು ಏರುತ್ತೆ. ಹಾಗಾಗಿ ಒಂದೆರಡು ವರ್ಷ ತಡವಾದರೂ ಅದು ಲಾಭವೇ.

ಬಯಲಿಗೆ ಹೋದರೆ ಏನು ಲಾಭ?

ತರಗತಿಯ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಹೊರಗೆ ಬಿಸಿಲಿನಲ್ಲಿ ಅದು ಹತ್ತಾರು ಸಾವಿರ ಲಕ್ಸ್. ಮರದ ನೆರಳಲ್ಲೂ ಒಳಗಿಗಿಂತ ಎಷ್ಟೋ ಪಟ್ಟು ಹೆಚ್ಚು. ಈ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮೈನ್ ಬಿಡುಗಡೆಯಾಗಿ ಕಣ್ಣಿನ ಅತಿ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ತಜ್ಞರ ಪ್ರಮುಖ ವಿವರಣೆ.

ಚೀನಾದ ಗುವಾಂಗ್‌ಝೌನಲ್ಲಿ 12 ಶಾಲೆಗಳ ಒಂದನೇ ತರಗತಿ ಮಕ್ಕಳ ಮೇಲೆ ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಪೀರಿಯಡ್ ಕೊಟ್ಟರು. ಮೂರು ವರ್ಷದ ನಂತರ ಆ ಶಾಲೆಗಳಲ್ಲಿ ಹೊಸದಾಗಿ ಮಯೋಪಿಯಾ ಬಂದವರು ಶೇ. 30.4, ಉಳಿದ ಶಾಲೆಗಳಲ್ಲಿ ಶೇ. 39.5. ತೈವಾನ್ 2010ರಲ್ಲಿ ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಗುರಿಯನ್ನು ಶಾಲೆಗಳಿಗೇ ಕೊಟ್ಟಿತು. ವರ್ಷದಿಂದ ವರ್ಷಕ್ಕೆ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣ ನಂತರ ಇಳಿಯತೊಡಗಿತು.

ಆದರೆ ಒಂದು ಮಾತು: ಬಯಲಿನ ಲಾಭ ಹೆಚ್ಚಾಗಿ ದೋಷ ಬರದಂತೆ ತಡೆಯುವುದರಲ್ಲಿ. ಬಂದ ಮೇಲೆ ಅದೊಂದೇ ಸಾಕಾಗಲ್ಲ.

ಬಂದ ಮೇಲೆ ಏನು ದಾರಿ?

• ಅಟ್ರೋಪಿನ್ ಹನಿ: ಕಡಿಮೆ ಸಾಂದ್ರತೆಯ ಹನಿಯನ್ನು ರಾತ್ರಿ ಹಾಕುವುದು. ಹಾಂಗ್‌ಕಾಂಗ್ ಅಧ್ಯಯನದಲ್ಲಿ ಶೇ. 0.05ರ ಹನಿ ಹೆಚ್ಚು ಪರಿಣಾಮ ತೋರಿತು. ಶೇ. 0.01ರದ್ದರಿಂದ ಪ್ರಯೋಜನವಿಲ್ಲ ಎಂದು 2023ರ ಅಮೆರಿಕದ ಅಧ್ಯಯನ ಹೇಳಿತು. ವೈದ್ಯರು ಬರೆದುಕೊಡದೆ ಬಳಸಬಾರದು.

• ವಿಶೇಷ ಕನ್ನಡಕ: ಸುತ್ತಲೂ ಪುಟ್ಟ ಲೆನ್ಸ್‌ಗಳಿರುವ ಗಾಜು. ಹಾಂಗ್‌ಕಾಂಗ್‌ನ ಎರಡು ವರ್ಷದ ಪ್ರಯೋಗದಲ್ಲಿ ನಂಬರ್ ಏರುವ ವೇಗ ಸುಮಾರು ಅರ್ಧಕ್ಕಿಳಿಯಿತು.

• ಕಾಂಟ್ಯಾಕ್ಟ್ ಲೆನ್ಸ್: ಹಗಲು ಹಾಕುವುದೂ ಇದೆ, ರಾತ್ರಿ ಹಾಕಿ ಮಲಗುವುದೂ ಇದೆ. ಶುಚಿತ್ವ ತಪ್ಪಿದರೆ ಸೋಂಕಿನ ಅಪಾಯವಿದೆ.

ಇವು ಯಾವುವೂ ದೋಷವನ್ನು ವಾಸಿ ಮಾಡಲ್ಲ, ವೇಗ ತಗ್ಗಿಸುತ್ತವೆ ಅಷ್ಟೆ.

'ಕನ್ನಡಕ ಹಾಕಿದ್ರೆ ನಂಬರ್ ಜಾಸ್ತಿ ಆಗುತ್ತೆ' ಅನ್ನೋದು ನಿಜವೇ?

ಅಲ್ಲ. ಬೇಕೆಂದೇ ಕಡಿಮೆ ಪವರ್‌ನ ಕನ್ನಡಕ ಕೊಟ್ಟ ಮಕ್ಕಳಲ್ಲಿ ದೋಷ ಇನ್ನೂ ವೇಗವಾಗಿ ಏರಿದ್ದನ್ನು ಮಲೇಷ್ಯಾದ 2002ರ ಅಧ್ಯಯನ ತೋರಿಸಿತು. ಕ್ಯಾರೆಟ್ ತಿಂದರೆ, ಕಣ್ಣಿನ ವ್ಯಾಯಾಮ ಮಾಡಿದರೆ ಉದ್ದವಾದ ಕಣ್ಣುಗುಡ್ಡೆ ಹಿಂದಿನಂತಾಗುವುದಿಲ್ಲ. 'ಹೆಣ್ಣುಮಗುಗೆ ಕನ್ನಡಕ ಬಂದ್ರೆ ಮದುವೆ ಕಷ್ಟ' ಅನ್ನೋ ಮಾತಿಗೆ ಮಕ್ಕಳ ಓದು ಬಲಿಯಾಗಬಾರದು.

ಇದು ಬರೀ ಅಪ್ಪ-ಅಮ್ಮನ ಜವಾಬ್ದಾರಿಯೇ?

'ಮೊಬೈಲ್ ಕೊಡಬೇಡಿ' ಎಂದು ತಾಯಂದಿರಿಗೆ ಬುದ್ಧಿ ಹೇಳುವುದು ಸುಲಭ. ಆದರೆ ದಿನಕ್ಕೆ ಎರಡು ಗಂಟೆ ಆಡಲು ಜಾಗ ಎಲ್ಲಿದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಆದರೂ ಅಪಾರ್ಟ್‌ಮೆಂಟಿನ ಸಂದಿಯಲ್ಲಿ ಶಾಲೆಗಳು ನಡೆಯುತ್ತವೆ, ಪಿಟಿ ಪೀರಿಯಡ್ ಗಣಿತಕ್ಕೆ ಹೋಗುತ್ತೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮಕ್ಕಳ ದೃಷ್ಟಿ ತಪಾಸಣೆಯೂ ಆಗಬೇಕು. ತಪಾಸಣೆಯ ತಂಡ ನಿಮ್ಮೂರ ಶಾಲೆಗೆ ಕೊನೆಯ ಸಲ ಯಾವಾಗ ಬಂದಿತ್ತು, ಕನ್ನಡಕ ಎಷ್ಟು ಮಕ್ಕಳ ಕೈ ಸೇರಿತು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಬಹುದು.

ದುಬಾರಿ ಲೆನ್ಸ್ ಉಳ್ಳವರ ಮಕ್ಕಳಿಗೆ ಸಿಕ್ಕೇ ಸಿಗುತ್ತೆ. ಬಿಸಿಲು ಎಲ್ಲರಿಗೂ ಉಚಿತ. ಅದರಲ್ಲಿ ಆಡುವ ಜಾಗ ಮತ್ತು ಸಮಯ ಎಲ್ಲ ಮಕ್ಕಳಿಗೂ ಸಿಗುವಂತೆ ಮಾಡುವುದು ಸರ್ಕಾರದ ಕೆಲಸ.